ಡಿಸ್ಕ್ 100% ತೋರಿಸುತ್ತಿದ್ದರೆ ಫಾರ್ಮ್ಯಾಟ್ ಉಪಾಯವಲ್ಲ

ಎಂಟು ವರ್ಷದ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಆನ್ ಆಗಿ ಹತ್ತು ನಿಮಿಷವಾದರೂ ಏನೂ ತೆರೆಯಲ್ಲ, ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದ್ದೀರಿ. ಮಾಡಿದರೆ ಸ್ವಲ್ಪ ದಿನ ಚುರುಕಾದೀತು, ಆಮೇಲೆ ಮತ್ತದೇ ರಾಗ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್ ನೋಡಿ. ಸಿಪಿಯು ಆರಾಮಾಗಿದ್ದು ಡಿಸ್ಕ್ ಮಾತ್ರ 100%ಕ್ಕೆ ಅಂಟಿಕೊಂಡಿದೆ, ಆದರೆ ಓದುವ ವೇಗ ಸೆಕೆಂಡಿಗೆ 1-2 ಎಂಬಿ ಅಷ್ಟೇ ಅಂದರೆ ಕಳ್ಳ ಸಿಕ್ಕಿದ. ಚದುರಿದ ಸಣ್ಣ ಫೈಲುಗಳಿಗಾಗಿ ಹಾರ್ಡ್ ಡಿಸ್ಕಿನ ಹೆಡ್ (ಮಾಹಿತಿ ಓದುವ ತುದಿ) ಅತ್ತಿಂದಿತ್ತ ಓಡಬೇಕು. ಸೆಕೆಂಡಿಗೆ ನೂರು ಸಲ ಓಡಿದರೆ ಹೆಚ್ಚು. ರ‍್ಯಾಮ್ ಸಾಲದಿದ್ದಾಗ ವಿಂಡೋಸ್ ಅದೇ ಡಿಸ್ಕನ್ನು ರ‍್ಯಾಮ್‌ನಂತೆ ಬಳಸುತ್ತದೆ, ಗಾಯದ ಮೇಲೆ ಬರೆ.

ಮೊದಲು ಬ್ಯಾಕಪ್. ಆಮೇಲೆ ಡಿಸ್ಕಿನ ಆರೋಗ್ಯ ತೋರಿಸುವ ತಂತ್ರಾಂಶ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ 05 ಮತ್ತು ಸಿ5 (ಡಿಸ್ಕಿನಲ್ಲಿ ಕೆಟ್ಟ, ಕೆಡುತ್ತಿರುವ ಜಾಗಗಳ ಲೆಕ್ಕ) ಸಾಲುಗಳ ಕೊನೆಯ ಅಂಕಣ ನೋಡಿ. ಸೊನ್ನೆ ಬಿಟ್ಟು ಬೇರೇನಾದರೂ ಇದ್ದರೆ ಡಿಸ್ಕನ್ನು ನಂಬಬೇಡಿ, ಡಿಫ್ರ್ಯಾಗ್ (ಚದುರಿದ ಫೈಲುಗಳನ್ನು ಒಟ್ಟುಗೂಡಿಸುವುದು) ಅಂತೂ ಬೇಡವೇ ಬೇಡ.

ನಿಜವಾದ ಪರಿಹಾರ ಹಾರ್ಡ್ ಡಿಸ್ಕ್ ತೆಗೆದು, ಓಡುವ ಹೆಡ್ಡೇ ಇಲ್ಲದ ಎಸ್‌ಎಸ್‌ಡಿ ಹಾಕುವುದು. 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಳೆಯದರ ಜಾಗದಲ್ಲೇ ಕೂರುತ್ತದೆ. 256 ಜಿಬಿ ಸಾಕು. ಹಳೇ ಡಿಸ್ಕಿನ ಸ್ಕ್ರೂ, ಬ್ರಾಕೆಟ್ ಎಸೆಯಬೇಡಿ, ಅವೇ ಬೇಕು. ರ‍್ಯಾಮ್ 8 ಜಿಬಿ ಮಾಡಿಸಿ, ಆದರೆ ಲ್ಯಾಪ್‌ಟಾಪಿನ ಬಿಡಿಭಾಗಗಳ ವಿವರ ತೋರಿಸುವ ತಂತ್ರಾಂಶ ಸಿಪಿಯು-ಝಡ್‌ನಲ್ಲಿ ನಿಮ್ಮದರ ಬಗೆ ಡಿಡಿಆರ್3 ಅಥವಾ ಡಿಡಿಆರ್4 ಎಂದು ಖಚಿತಪಡಿಸಿಕೊಂಡೇ ಕೊಳ್ಳಿ. ಎರಡರ ಕಚ್ಚೂ ಬೇರೆ ಜಾಗದಲ್ಲಿರುತ್ತದೆ, ಒತ್ತಿದರೂ ಕೂರಲ್ಲ.

ಎರಡು ಆ್ಯಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ. ವಿಂಡೋಸ್ ಸೆಟ್ಟಿಂಗ್‌ಗಳನ್ನು ಸ್ವಚ್ಛ ಮಾಡುತ್ತೇವೆ ಎನ್ನುವ ರಿಜಿಸ್ಟ್ರಿ ಕ್ಲೀನರ್‌ಗಳಿಂದ ಲಾಭವಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಪ್ರೊಸೆಸರ್ ವಿಂಡೋಸ್ 11ಕ್ಕೆ ಒಪ್ಪದಿದ್ದರೆ ಹೊಸ ಎಸ್‌ಎಸ್‌ಡಿಗೆ ನೇರವಾಗಿ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ.