ಪೌರತ್ವ ಬಂತು, ಇನ್ನು ಓಟು ಹಾಕುವುದು ಹೇಗೆ?

ಪ್ರಶ್ನೆ: ನಾವಿರುವುದು ಟೆಕ್ಸಾಸಿನ ಡಲ್ಲಾಸ್ ಹತ್ತಿರ. ಹೋದ ತಿಂಗಳು ನನಗೆ ಅಮೆರಿಕದ ಪೌರತ್ವ ಸಿಕ್ಕಿತು. ಮೈಸೂರಿನಲ್ಲಿದ್ದಾಗ ಒಂದು ಚುನಾವಣೆಯನ್ನೂ ತಪ್ಪಿಸಿದವಳಲ್ಲ. ಇಲ್ಲಿ ನಾಲ್ಕು ವರ್ಷಕ್ಕೊಮ್ಮೆ ಅಧ್ಯಕ್ಷರ ಚುನಾವಣೆಗೆ ಓಟು ಹಾಕಿದರೆ ಸಾಕಾ? ಟೆಕ್ಸಾಸ್ ಹೇಗೂ ಒಂದೇ ಪಕ್ಷದ ಪಾಲು, ನನ್ನ ಒಂದು ಓಟಿನಿಂದ ಏನಾದೀತು ಅಂತಲೂ ಅನ್ನಿಸುತ್ತದೆ. ನಮ್ಮ ಯಜಮಾನರದು ಇನ್ನೂ ಗ್ರೀನ್ ಕಾರ್ಡ್. ಅಣ್ಣ ಕರೆಸಿಕೊಂಡಿದ್ದ ಅಮ್ಮನಿಗೆ ನನಗಿಂತ ಮೊದಲೇ ಪೌರತ್ವ ಬಂದಿದೆ, ಆದರೆ ಅವರಿಗೆ ಇಂಗ್ಲಿಷ್ ಓದಲು ಬಾರದು. ಅವರಿಬ್ಬರು ಏನು ಮಾಡಬಹುದು?

ಉತ್ತರ: ಅಭಿನಂದನೆಗಳು. ಮೊದಲು ಹೆಸರು ನೋಂದಾಯಿಸಿಕೊಳ್ಳಿ. ಪ್ರಮಾಣವಚನ ತೆಗೆದುಕೊಂಡ ಮಾತ್ರಕ್ಕೆ ಮತದಾರರ ಪಟ್ಟಿಯಲ್ಲಿ ಹೆಸರು ಸೇರುವುದಿಲ್ಲ. ಊರಿನಲ್ಲಿ ಪಟ್ಟಿ ಹಿಡಿದುಕೊಂಡು ಯಾರಾದರೂ ಮನೆಗೆ ಬರುತ್ತಿದ್ದರು, ಅಲ್ವಾ? ಇಲ್ಲಿ ಯಾರೂ ಬರುವುದಿಲ್ಲ. ಇಡೀ ದೇಶದ ಚುನಾವಣೆ ನಡೆಸುವ ಆಯೋಗವೇ ಇಲ್ಲ. ನಿಯಮ ಬಹುಮಟ್ಟಿಗೆ ರಾಜ್ಯದ್ದು, ಕೆಲಸ ಕೌಂಟಿಯದು, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕದ್ದು. ಡ್ರೈವಿಂಗ್ ಲೈಸೆನ್ಸ್ ನವೀಕರಣದ ಜೊತೆ ಮಾಡಿಸಿದರೆ ಬೇರೆ ಮಾತು, ಇಲ್ಲದಿದ್ದರೆ ಟೆಕ್ಸಾಸಿನಲ್ಲಿ ಆನ್‌ಲೈನಲ್ಲೇ ಮುಗಿಸಲು ಆಗದು. ಅರ್ಜಿಗೆ ಸಹಿ ಹಾಕಿ ಕೌಂಟಿ ಕಚೇರಿಗೆ ತಲುಪಿಸಬೇಕು. ಚುನಾವಣೆಗೆ 30 ದಿನ ಮೊದಲೇ ಗಡುವು ಮುಗಿಯುತ್ತದೆ. ಪೌರತ್ವ ಪಡೆದ ಖುಷಿಯಲ್ಲಿ ಈ ಗಡುವನ್ನೇ ಮರೆತವರನ್ನು ಬೇಕಾದಷ್ಟು ನೋಡಿದ್ದೇನೆ.

ಒಂದು ಓಟಿನಿಂದ ಏನಾದೀತು ಎಂಬ ನಿಮ್ಮ ಮಾತಿಗೆ ಬರುತ್ತೇನೆ. ಅಧ್ಯಕ್ಷರ ಚುನಾವಣೆಯ ಮಟ್ಟಿಗೆ ನೀವು ಹೇಳಿದ್ದು ಸರಿ. 1976ರ ನಂತರ ಟೆಕ್ಸಾಸ್ ಡೆಮಾಕ್ರಟಿಕ್ ಅಭ್ಯರ್ಥಿಯನ್ನು ಆರಿಸಿಲ್ಲ. ಆದರೆ ಒಂದೇ ಪಕ್ಷ ಗೆಲ್ಲುವ ಕಡೆ ನಿಜವಾದ ಸ್ಪರ್ಧೆ ಆ ಪಕ್ಷದ ಒಳಗೇ ನಡೆಯುತ್ತದೆ. ಅದಕ್ಕೆ ಪ್ರೈಮರಿ ಎನ್ನುತ್ತಾರೆ. ನಮ್ಮ ಕಡೆ ಟಿಕೆಟ್ ಕೊಡುವುದು ಹೈಕಮಾಂಡ್. ಇಲ್ಲಿ ಟಿಕೆಟ್ ಕೊಡುವವರು ಮತದಾರರೇ! ಟೆಕ್ಸಾಸಿನಲ್ಲಿ ಇದಕ್ಕೆ ಪಕ್ಷದ ಸದಸ್ಯತ್ವವೂ ಬೇಡ. ಸಮ ಸಂಖ್ಯೆಯ ವರ್ಷಗಳ ಮಾರ್ಚ್‌ನಲ್ಲಿ ಮತಗಟ್ಟೆಗೆ ಹೋಗಿ ಯಾವ ಪಕ್ಷದ ಮತಪತ್ರ ಬೇಕೆಂದು ಹೇಳಿದರೆ ಆಯಿತು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ ಮೇ ತಿಂಗಳಲ್ಲಿ ಎರಡನೇ ಸುತ್ತು. ಮಾರ್ಚ್‌ನಲ್ಲಿ ಒಂದು ಪಕ್ಷದ ಪ್ರೈಮರಿಯಲ್ಲಿ ಓಟು ಹಾಕಿದವರು ಮೇನಲ್ಲಿ ಇನ್ನೊಂದು ಪಕ್ಷಕ್ಕೆ ಹಾರುವಂತಿಲ್ಲ. ನವೆಂಬರಿನಲ್ಲಿ ಮಾತ್ರ ಯಾರಿಗೆ ಬೇಕಾದರೂ ಹಾಕಬಹುದು.

ಇದಕ್ಕಿಂತಲೂ ನಿಮ್ಮ ಮನೆಗೆ ಹತ್ತಿರವಾದದ್ದು ಶಾಲಾ ಮಂಡಳಿ ಮತ್ತು ನಗರಸಭೆಯ ಚುನಾವಣೆ. ಇವು ಎಷ್ಟೋ ಊರುಗಳಲ್ಲಿ ಮೇ ತಿಂಗಳ ಮೊದಲ ಶನಿವಾರ ಸದ್ದಿಲ್ಲದೆ ನಡೆದುಹೋಗುತ್ತವೆ. ಟೆಕ್ಸಾಸಿನಲ್ಲಿ ಮನೆ ತೆರಿಗೆ ಜಾಸ್ತಿ ಎಂದು ನಮ್ಮವರೆಲ್ಲ ಗೊಣಗುವುದನ್ನು ಕೇಳಿರುತ್ತೀರಿ. ಆ ಹಣದ ದೊಡ್ಡ ಪಾಲು ಹೋಗುವುದು ಶಾಲಾ ಜಿಲ್ಲೆಗೆ, ಅಂದರೆ ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆಗೆ. ಅದರ ದರವನ್ನು ಮಂಡಳಿ ಗೊತ್ತುಮಾಡುತ್ತದೆ. ಹೊಸ ಶಾಲೆ ಕಟ್ಟಲು ಸಾಲ ಎತ್ತಬೇಕಾದರೆ ಅದನ್ನೂ ಜನರ ಓಟಿಗೇ ಹಾಕುತ್ತಾರೆ. ಆದರೂ ಅನೇಕ ಕಡೆ ಕಾಲು ಭಾಗದಷ್ಟು ಮತದಾರರೂ ಅತ್ತ ಸುಳಿಯುವುದಿಲ್ಲ. ನನಗೆ ಸಂಕಟವಾಗುವುದು ಇಲ್ಲೇ. ಮಕ್ಕಳ ಓದಿಗೆಂದೇ ಊರು ಹುಡುಕಿ ಮನೆ ಕೊಂಡವರು ಆ ಶಾಲೆ ನಡೆಸುವವರನ್ನು ಆರಿಸಲು ಹೋಗುವುದಿಲ್ಲ.

ಒಂದು ಓಟಿನ ಬೆಲೆ ತಿಳಿಯಲು 2017ರ ವರ್ಜೀನಿಯಾ ನೋಡಿ. ರಾಜ್ಯ ವಿಧಾನಸಭೆಯ ಒಂದು ಕ್ಷೇತ್ರದಲ್ಲಿ ಇಬ್ಬರಿಗೂ 11,608 ಮತ ಬಂದವು. ಕೊನೆಗೆ 2018ರ ಜನವರಿಯಲ್ಲಿ ಇಬ್ಬರ ಹೆಸರನ್ನೂ ಒಂದು ಬಟ್ಟಲಿಗೆ ಹಾಕಿ ಚೀಟಿ ಎತ್ತಿದರು. ಡೇವಿಡ್ ಯಾನ್ಸಿ ಗೆದ್ದರು, ಸದನದ ಬಹುಮತ 51-49ರಂತೆ ರಿಪಬ್ಲಿಕನ್ ಪಕ್ಷಕ್ಕೇ ಉಳಿಯಿತು.

ಮತಗಟ್ಟೆಗೆ ಹೋಗುವ ಮುಂಚೆ ಕೌಂಟಿಯ ಜಾಲತಾಣದಿಂದ ಮಾದರಿ ಮತಪತ್ರ ಇಳಿಸಿಕೊಳ್ಳಿ. ಅದರ ಉದ್ದ ನೋಡಿ ಹೆದರಬೇಡಿ. ನ್ಯಾಯಾಧೀಶರಿಂದ ಹಿಡಿದು ರೈಲ್‌ರೋಡ್ ಕಮಿಷನರ್ ತನಕ ಎಲ್ಲರನ್ನೂ ಆರಿಸಬೇಕು. ಅಂದಹಾಗೆ ಈ ಕಮಿಷನ್‌ಗೂ ರೈಲಿಗೂ ಈಗ ಸಂಬಂಧವಿಲ್ಲ, ಅದು ನೋಡಿಕೊಳ್ಳುವುದು ತೈಲ ಮತ್ತು ಅನಿಲದ ಉದ್ಯಮವನ್ನು. ಮತಗಟ್ಟೆಯೊಳಗೆ ಮೊಬೈಲ್ ಬಳಸುವಂತಿಲ್ಲ. ಆದ್ದರಿಂದ ಯಾರಿಗೆ ಓಟು ಎಂದು ಕಾಗದದಲ್ಲಿ ಬರೆದುಕೊಂಡು ಹೋಗಿ, ಅದಕ್ಕೆ ಅಡ್ಡಿಯಿಲ್ಲ. ಭಾವಚಿತ್ರವಿರುವ ಗುರುತಿನ ಚೀಟಿ ಮರೆಯಬೇಡಿ. ನಿಮ್ಮ ಹೊಸ ಪೌರತ್ವ ಪ್ರಮಾಣಪತ್ರವೂ ನಡೆಯುತ್ತದೆ. ಚುನಾವಣೆಯ ಮಂಗಳವಾರ ಕೆಲಸಕ್ಕೆ ರಜೆ ಇರಬೇಕೆಂದಿಲ್ಲ, ಹಾಗಾಗಿ ಮುಂಚಿತ ಮತದಾನದ ದಿನಗಳಲ್ಲೇ ಮುಗಿಸುವುದು ಮೇಲು.

ಓಟಿನ ಆಚೆಗೂ ಕೆಲಸವಿದೆ. ಶಾಲಾ ಮಂಡಳಿಯ ಸಭೆಯಲ್ಲಿ ಹೆಸರು ಕೊಟ್ಟು ಎರಡು ಮೂರು ನಿಮಿಷ ಮಾತಾಡಬಹುದು. ಟೆಕ್ಸಾಸ್ ಶಾಸನಸಭೆ ಬೆಸ ವರ್ಷಗಳಲ್ಲಿ ಜನವರಿಯಿಂದ 140 ದಿನ ಸೇರುತ್ತದೆ, ಆಗ ಅದರ ಸಮಿತಿಗಳ ಮುಂದೆ ನಿಂತು ಮಸೂದೆಯ ಪರವೋ ವಿರುದ್ಧವೋ ಹೇಳಬಹುದು. ನಿಮ್ಮ ಕ್ಷೇತ್ರದ ಸಂಸದರ ಕಚೇರಿಗೆ ಫೋನ್ ಮಾಡಿದರೆ ಅಲ್ಲಿಯವರು ಮೊದಲು ಕೇಳುವುದೇ ನಿಮ್ಮ ಪಿನ್‌ಕೋಡ್. ತಮ್ಮ ಮತದಾರರ ಮಾತಿಗೆ ಅಲ್ಲಿ ಬೇರೆಯೇ ತೂಕ.

ಇನ್ನು ನಿಮ್ಮ ಯಜಮಾನರು. ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಗ್ರೀನ್ ಕಾರ್ಡ್ ಇರುವವರು ಓಟು ಹಾಕುವುದಿರಲಿ, ನೋಂದಣಿಯನ್ನೂ ಮಾಡಿಸಬಾರದು. ಲೈಸೆನ್ಸ್ ಕೌಂಟರಿನಲ್ಲಿ ಮತದಾರರ ಪಟ್ಟಿಗೆ ಸೇರಿಸಬೇಕೆ ಎಂದು ಕೇಳುತ್ತಾರೆ. ಸುಮ್ನೆ ಹೂಂ ಅಂದುಬಿಟ್ಟರೆ ಮುಂದೆ ಪೌರತ್ವಕ್ಕೇ ಕುತ್ತು ಬರಬಹುದು, ಗಡೀಪಾರಿನ ತನಕವೂ ಹೋಗಬಹುದು. ಆದರೆ ಅಭ್ಯರ್ಥಿಯ ಪರ ಸಂಬಳವಿಲ್ಲದೆ ದುಡಿಯಲು, ಗ್ರೀನ್ ಕಾರ್ಡ್ ಇರುವುದರಿಂದ ಚಂದಾ ಕೊಡಲು, ಸಭೆಯಲ್ಲಿ ಮಾತಾಡಲು ಅವರಿಗೆ ತಡೆಯಿಲ್ಲ. ಎಚ್-1ಬಿ ವೀಸಾದವರು ಮಾತ್ರ ಚಂದಾ ಕೊಡುವಂತಿಲ್ಲ.

ಅಮ್ಮನಿಗೆ 65 ತುಂಬಿದ್ದರೆ ಅಂಚೆ ಮತಪತ್ರ ಕೇಳಬಹುದು. ಈ ವರ್ಷ ಕೊಟ್ಟ ಅರ್ಜಿ ಮುಂದಿನ ವರ್ಷಕ್ಕೆ ನಡೆಯುವುದಿಲ್ಲ, ಮತ್ತೆ ಕೊಡಬೇಕು. ಮತಗಟ್ಟೆಗೇ ಹೋಗುವ ಆಸೆ ಇದ್ದರೆ ನೀವೇ ಕರೆದುಕೊಂಡು ಹೋಗಿ. ಓದಲು ಬಾರದ ಮತದಾರರು ತಮಗೆ ಬೇಕಾದವರ ನೆರವು ಪಡೆಯಬಹುದು ಎಂದು ಕೇಂದ್ರದ ಮತದಾನ ಹಕ್ಕು ಕಾಯ್ದೆಯೇ ಹೇಳುತ್ತದೆ. ಕೆಲಸ ಕೊಟ್ಟ ಮಾಲೀಕರು ಮತ್ತು ಕಾರ್ಮಿಕ ಸಂಘದವರು ಮಾತ್ರ ಆಗಬಾರದು. ನೀವು ಅಲ್ಲೊಂದು ಪ್ರಮಾಣ ಮಾಡಬೇಕಾಗುತ್ತದೆ. ಆಮೇಲೆ ಒಂದೊಂದೇ ಹೆಸರನ್ನು ಕನ್ನಡದಲ್ಲಿ ಓದಿ ಹೇಳಿ. ಯಾರನ್ನು ಆರಿಸಬೇಕೆಂದು ಕಿವಿಮಾತು ಬೇಡ. ನಿಮ್ಮ ಮನಸ್ಸಿನಲ್ಲಿ ಬೇರೆಯವರಿದ್ದರೂ ಅಮ್ಮ ಯಾರ ಹೆಸರು ಹೇಳುತ್ತಾರೋ ಅವರಿಗೇ ಗುರುತು ಹಾಕಬೇಕು.