ಎರಡರಿಂದ ನಾಲ್ಕು ಅಂದರೆ ನಾಲ್ಕಕ್ಕೆ ಮುಗಿಯಿತು

ಮೈಸೂರಿನಿಂದ ಅಮೆರಿಕದ ಸೌತ್ ಕ್ಯಾರೊಲೈನಾದ ಗ್ರೀನ್‌ವಿಲ್‌ಗೆ ಬಂದು ಕೆಲವೇ ತಿಂಗಳಾಗಿದೆ ಅಂತ ಬರೆದಿದ್ದೀರಿ. ಪಕ್ಕದ ಮನೆಯ ಹಿರಿಯಾಕೆ ತಮ್ಮ ಮನೆಯ ‘ಲೇಡೀಸ್ ಟೀ’ಗೆ ಕರೆದರು, ನೀವೂ ಹೋಗಿ ಬಂದಿರಿ. ಈಗ ಅವರನ್ನೆಲ್ಲ ನಿಮ್ಮ ಮನೆಗೆ ಕರೆಯಬೇಕು. ಮಾಂಸ, ಮೊಟ್ಟೆ ಇಲ್ಲದೆ ಇದನ್ನು ಮಾಡಬಹುದಾ, ಬೆಳ್ಳಿ ಟೀ ಸೆಟ್ ಇಲ್ಲದಿದ್ದರೆ ನಗುತ್ತಾರಾ, ನಮ್ಮ ತಿಂಡಿ ಇಟ್ಟರೆ ತಿನ್ನುತ್ತಾರಾ ಅಂತ ನಿಮ್ಮ ಪ್ರಶ್ನೆ. ಧಾರಾಳವಾಗಿ ಮಾಡಬಹುದು. ಯಾರೂ ನಗುವುದಿಲ್ಲ. ತಿನ್ನುತ್ತಾರೆ, ಆದರೆ ಸ್ವಲ್ಪವೇ ತಿನ್ನುತ್ತಾರೆ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ನಾನು ಇದೇ ರಾಜ್ಯದ ಚಾರ್ಲ್ಸ್‌ಟನ್ ಕಡೆ ನೆಲೆಸಿ ಬಹಳ ವರ್ಷಗಳಾದವು. ಹೊಸದಾಗಿ ಬಂದ ನಮ್ಮವರು ಟೀಗೆ ಕರೆದು ಊಟ ಹಾಕುವುದನ್ನು ನೋಡಿ ನೋಡಿ ಸಾಕಾಗಿದೆ. ಮೊದಲು ಸಮೋಸ ಅಂದುಕೊಳ್ಳುತ್ತಾರೆ. ಆಮೇಲೆ ‘ಬರೀ ಸಮೋಸ ಹೇಗೆ’ ಅಂತ ಪಲಾವ್ ಸೇರುತ್ತದೆ. ಪಲಾವ್ ಇದ್ದಮೇಲೆ ಪನೀರ್ ಬೇಡವಾ? ಕೊನೆಗೆ ಮನೆಯಾಕೆ ಅಡುಗೆಮನೆಯಲ್ಲಿ, ಬಂದವರು ಹಾಲ್‌ನಲ್ಲಿ. ಇಲ್ಲಿನವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಅವರು ಬಂದಿರುವುದು ನಿಮ್ಮ ಜೊತೆ ಕೂತು ಮಾತಾಡಲು. ಹಾಗಾಗಿ ಖಾರದ್ದು ಮೂರು, ಸಿಹಿ ಎರಡು, ಎಲ್ಲವೂ ಎರಡು ಬಾಯಿಗೆ ಮುಗಿಯುವಷ್ಟು ಚಿಕ್ಕದು. ಎಲ್ಲವನ್ನೂ ಹಿಂದಿನ ದಿನ ಅಥವಾ ಅವತ್ತು ಬೆಳಗ್ಗೆಯೇ ಮಾಡಿಟ್ಟಿರಬೇಕು. ಬಿಸಿಬಿಸಿ ಅಂಬೊಡೆ ಕರಿಯುವ ಆಸೆ ಬಂದರೆ ಅದುಮಿಕೊಳ್ಳಿ. ಬಾಣಲೆ ಮುಂದೆ ನಿಂತರೆ ಟೀ ಪಾರ್ಟಿ ಮುಗಿದಂತೆಯೇ.

‘ಎರಡರಿಂದ ನಾಲ್ಕು’ ಅಂತ ಬರೆದರೆ ಎರಡಕ್ಕೆ ಬೆಲ್ ಆಗುತ್ತದೆ, ನಾಲ್ಕಕ್ಕೆ ಪರ್ಸ್ ಎತ್ತಿಕೊಂಡು ಏಳುತ್ತಾರೆ. ‘ಇನ್ನೊಂದು ಸ್ವಲ್ಪ ಹೊತ್ತು ಕೂತ್ಕೊಳ್ಳಿ’ ಅಂತ ಬಲವಂತ ಬೇಡ. ಎರಡು ಮೂರು ವಾರ ಮೊದಲೇ ತಿಳಿಸಿ. ಭಾನುವಾರ ಬೆಳಗ್ಗೆ ಚರ್ಚ್. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಶನಿವಾರ ಕಾಲೇಜ್ ಫುಟ್‌ಬಾಲ್, ನಿಮ್ಮ ಕಡೆ ಅಂತೂ ಕ್ಲೆಮ್ಸನ್ ವಿಶ್ವವಿದ್ಯಾಲಯದ ತಂಡ ಬಿಟ್ಟರೆ ಮಾತಿಲ್ಲ. ಅಝೇಲಿಯ ಹೂ ಬಿಡುವ ಏಪ್ರಿಲ್ ಚೆನ್ನಾಗಿರುತ್ತದೆ. ಆದರೆ ಪೈನ್ ಮರದ ಹಳದಿ ಪುಡಿ ಪೋರ್ಚ್ ತುಂಬಾ ಕೂತಿರುತ್ತದೆ, ಅಲ್ಲಿ ಕೂರಿಸುವುದಾದರೆ ಬೆಳಗ್ಗೆ ತೊಳೆದುಬಿಡಿ.

ಈಗ ಟೀ. ಇಲ್ಲಿ ಟೀ ಅಂದರೆ ಸಕ್ಕರೆ ಹಾಕಿದ ತಣ್ಣನೆ ಟೀ. ಟೀ ಪಾರ್ಟಿಯಲ್ಲಿ ಬಿಸಿ ಟೀಯೂ ಇರುತ್ತದೆ, ಆದರೆ ಏಪ್ರಿಲ್ ಸೆಖೆಗೆ ಜಗ್ ತುಂಬಾ ಸ್ವೀಟ್ ಟೀ ಇರಲೇಬೇಕು. ಒಂದು ಲೀಟರ್ ನೀರು ಕುದಿಸಿ ಒಲೆ ಆರಿಸಿ. ಏಳೆಂಟು ಕಪ್ಪು ಟೀ ಬ್ಯಾಗ್ ಹಾಕಿ, ಚಿಟಿಕೆ ಅಡುಗೆ ಸೋಡಾ ಹಾಕಿ. ಸೋಡಾ ಒಗರು ಕಡಿಮೆ ಮಾಡುತ್ತದೆ. ಐದಾರು ನಿಮಿಷಕ್ಕೆ ಬ್ಯಾಗ್ ತೆಗೆದುಬಿಡಿ, ಹಿಂಡಬೇಡಿ. ಬಿಸಿ ಇರುವಾಗಲೇ ಒಂದು ಕಪ್ ಸಕ್ಕರೆ ಕರಗಿಸಿ. ತಣ್ಣೀರು ಸೇರಿಸಿ ಒಂದು ಗ್ಯಾಲನ್ ಮಾಡಿ, ಅಂದರೆ ಸುಮಾರು 3.8 ಲೀಟರ್. ಹೊರಗೇ ತಣ್ಣಗಾಗಲು ಬಿಟ್ಟು ಆಮೇಲೆ ಫ್ರಿಜ್‌ಗೆ. ಬಿಸಿ ಇದ್ದಾಗಲೇ ಇಟ್ಟರೆ ಮೋಡ ಕವಿದಂತೆ ಮಬ್ಬಾಗುತ್ತದೆ. ಇಲ್ಲಿನ ಅಜ್ಜಿಯರು ಇದರ ಎರಡರಷ್ಟು ಸಕ್ಕರೆ ಹಾಕುತ್ತಾರೆ, ನನಗೆ ಒಂದೇ ಜಾಸ್ತಿ. ಸಕ್ಕರೆ ಇಲ್ಲದ್ದು ಒಂದು ಚಿಕ್ಕ ಜಗ್ ಪಕ್ಕದಲ್ಲಿರಲಿ, ಶುಗರ್ ಇರುವವರು ಒಬ್ಬರಾದರೂ ಇರುತ್ತಾರೆ.

1904ರ ಸೇಂಟ್ ಲೂಯಿಸ್ ಮೇಳದಲ್ಲಿ ಭಾರತದ ಚಹಾ ಪ್ರಚಾರಕ್ಕೆ ಬಂದಿದ್ದ ರಿಚರ್ಡ್ ಬ್ಲೆಚಿಂಡನ್ ಅನ್ನುವವರೇ ಐಸ್ ಟೀ ಕಂಡುಹಿಡಿದದ್ದು ಅಂತ ಯಾರಾದರೂ ಹೇಳಬಹುದು. ತಲೆಯಾಡಿಸಿ ಸುಮ್ನೆ ಇರಿ. ಆತ ಅದಕ್ಕೆ ಹೆಸರು ತಂದುಕೊಟ್ಟಿರಬಹುದು. ಆದರೆ ವರ್ಜೀನಿಯಾದ ಅಡುಗೆಗಳ ಬಗ್ಗೆ 1879ರಲ್ಲಿ ಅಚ್ಚಾದ ಪುಸ್ತಕದಲ್ಲೇ ಐಸ್ ಟೀ ಇದೆ, ಅದೂ ಹಸಿರು ಚಹಾದಲ್ಲಿ.

ನಮ್ಮ ಟೀ ಕೊಡಬಹುದಾ ಅಂದಿರಿ. ಕೊಡಿ, ಚಿಕ್ಕ ಲೋಟದಲ್ಲಿ. ಮಸಾಲೆ ಟೀ ಇವರಿಗೆ ಕಾಫಿ ಅಂಗಡಿಯಿಂದ ಪರಿಚಯ. ನನ್ನನ್ನು ಕೇಳಿದರೆ ಫಿಲ್ಟರ್ ಕಾಫಿಯೇ ಹೆಚ್ಚು ಗೆಲ್ಲುತ್ತದೆ. ಲೂಸಿಯಾನಾ ಕಡೆಯವರು ಇದ್ದರಂತೂ ನೋಡಿ, ನ್ಯೂ ಆರ್ಲಿಯನ್ಸ್‌ನಲ್ಲೂ ಚಿಕೋರಿ ಬೆರೆಸಿದ ಕಾಫಿಗೆ ಹಾಲು ಹಾಕಿಯೇ ಕುಡಿಯುತ್ತಾರೆ.

ತಿಂಡಿಗೆ ಮೊದಲು ಸೌತೆಕಾಯಿ ಸ್ಯಾಂಡ್‌ವಿಚ್. ಸೌತೆಕಾಯಿ ತೆಳ್ಳಗೆ ಹೆಚ್ಚಿ, ಉಪ್ಪು ಉದುರಿಸಿ, ಪೇಪರ್ ಟವೆಲ್ ಮೇಲೆ ಅರ್ಧ ಗಂಟೆ ಇಟ್ಟು ನೀರು ಒತ್ತಿ ತೆಗೆಯಿರಿ. ಬ್ರೆಡ್‌ನ ಎರಡೂ ಹೋಳಿಗೆ ಅಂಚಿನವರೆಗೂ ಬೆಣ್ಣೆ ಅಥವಾ ಕ್ರೀಮ್ ಚೀಸ್ ಸವರಿ, ಇಲ್ಲದಿದ್ದರೆ ಬ್ರೆಡ್ ನೆನೆದು ಮೆತ್ತಗಾಗುತ್ತದೆ. ಅಂಚು ಕತ್ತರಿಸುವುದು ಸ್ಯಾಂಡ್‌ವಿಚ್ ಕಟ್ಟಿದ ಮೇಲೆ, ಮೊದಲಲ್ಲ. ತಟ್ಟೆಗೆ ಒದ್ದೆ ಪೇಪರ್ ಟವೆಲ್ ಹೊದಿಸಿ ಫ್ರಿಜ್‌ನಲ್ಲಿಡಿ. ಅರ್ಧದಷ್ಟಕ್ಕೆ ಕೊತ್ತಂಬರಿ ಚಟ್ನಿ ತೆಳ್ಳಗೆ ಸವರಿ. ಅದೇ ಮೊದಲು ಖಾಲಿಯಾಗುತ್ತದೆ.

ಎರಡನೆಯದು ಬ್ರೆಡ್‌ಗೆ ಸವರುವ ಪಿಮೆಂಟೊ ಚೀಸ್. ಚೆಡ್ಡರ್ ಚೀಸನ್ನು ನೀವೇ ತುರಿಯಿರಿ, ತುರಿದು ಪ್ಯಾಕ್ ಮಾಡಿದ್ದಕ್ಕೆ ಪಿಷ್ಟ ಹಾಕಿರುತ್ತಾರೆ, ಹೊಂದಿಕೊಳ್ಳುವುದಿಲ್ಲ. ಬಾಟಲಿಯ ಪಿಮೆಂಟೊ (ಖಾರವಿಲ್ಲದ ಕೆಂಪು ಮೆಣಸಿನಕಾಯಿ), ಮಯೊನೇಸ್, ಚೂರು ಕಾಯೆನ್ ಖಾರ, ಅಷ್ಟೇ. ಇಲ್ಲಿ ಮಯೊನೇಸ್ ಅಂದರೆ ಡ್ಯೂಕ್ಸ್. ಅದು ನಿಮ್ಮ ಗ್ರೀನ್‌ವಿಲ್‌ನದ್ದೇ. 1917ರಲ್ಲಿ ಯುಜೀನಿಯಾ ಡ್ಯೂಕ್ ಎಂಬಾಕೆ ಊರ ಹತ್ತಿರದ ಸೈನ್ಯದ ಕ್ಯಾಂಪಿನಲ್ಲಿ ಸ್ಯಾಂಡ್‌ವಿಚ್ ಮಾರುತ್ತಿದ್ದರು, ಆಮೇಲೆ ಅದರೊಳಗಿನ ಮಯೊನೇಸೇ ಹೆಸರು ಮಾಡಿತು. ಆದರೆ ಅದರಲ್ಲಿ ಮೊಟ್ಟೆ ಇದೆ. ನೀವು ತಿನ್ನದಿದ್ದರೆ ವೀಗನ್ ಮಯೊನೇಸ್ ತನ್ನಿ, ರುಚಿಯಲ್ಲಿ ಅಂಥಾ ವ್ಯತ್ಯಾಸ ಗೊತ್ತಾಗುವುದಿಲ್ಲ. ಚೀಸ್ ಪ್ಯಾಕೆಟ್ ಮೇಲೆ ರೆನೆಟ್ (ಹಾಲು ಹೆಪ್ಪುಗಟ್ಟಿಸುವ ಕಿಣ್ವ, ಕೆಲವು ಸಲ ಕರುವಿನ ಹೊಟ್ಟೆಯದ್ದು) ಯಾವುದು ಅಂತಲೂ ನೋಡಿ. ಬೇರೆಯವರ ಮನೆಗೆ ಹೋದಾಗ ಬಣ್ಣಬಣ್ಣದ ಜೆಲ್ಲಿ ‘ಸಲಾಡ್’ ಕಂಡರೆ ಅದು ಪ್ರಾಣಿಯ ಜೆಲಟಿನ್, ಬಿಟ್ಟುಬಿಡಿ.

ಮೂರನೆಯದು ಚೀಸ್ ಸ್ಟ್ರಾ. ಇದರಲ್ಲಿ ನಮಗೆ ಇವರಿಗಿಂತ ಅನುಕೂಲ ಜಾಸ್ತಿ. 225 ಗ್ರಾಂ ತುರಿದ ಶಾರ್ಪ್ ಚೆಡ್ಡರ್, 113 ಗ್ರಾಂ ಮೆತ್ತಗಾದ ಬೆಣ್ಣೆ, ಒಂದೂವರೆ ಕಪ್ ಮೈದಾ, ಅರ್ಧ ಚಮಚ ಉಪ್ಪು, ಕಾಲು ಚಮಚ ಕಾಯೆನ್. ನೀರು ಹಾಕದೆ ಕಲಸಿ. ಇವರು ಇದಕ್ಕೆ ಕುಕೀ ಪ್ರೆಸ್ ಹುಡುಕುತ್ತಾರೆ. ನೀವು ಊರಿಂದ ತಂದ ಚಕ್ಕುಲಿ ಒರಳಿಗೆ ನಕ್ಷತ್ರದ ಬಿಲ್ಲೆ ಹಾಕಿ ಟ್ರೇ ಮೇಲೆ ಉದ್ದಕ್ಕೆ ಒತ್ತಿ, ಬೆರಳುದ್ದ ಕತ್ತರಿಸಿ. 350 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಹದಿನೈದು ನಿಮಿಷದ ಆಸುಪಾಸು, ಅಂಚು ಹೊಂಬಣ್ಣ ಬಂದರೆ ಸಾಕು. ಡಬ್ಬಿಯಲ್ಲಿ ಹಾಕಿಟ್ಟರೆ ವಾರ ಗರಿಗರಿ ಇರುತ್ತದೆ, ಹಾಗಾಗಿ ಇದನ್ನು ಮೊದಲೇ ಮಾಡಿ ಮುಗಿಸಿ. ಒರಳು ನೋಡಿ ಎಲ್ಲರೂ ‘ಇದೇನು?’ ಅಂತ ಕೇಳುತ್ತಾರೆ. ಮಾತಿಗೆ ವಿಷಯ ಸಿಕ್ಕಿತು.

ಸಿಹಿಗೆ ಮೊಟ್ಟೆ ಇಲ್ಲದ ಕ್ರೀಮ್ ಬಿಸ್ಕಿಟ್ ಸುಲಭ, ಇಲ್ಲಿ ಬಿಸ್ಕಿಟ್ ಅಂದರೆ ಮೆತ್ತನೆಯ ಚಿಕ್ಕ ಬನ್‌ನಂಥದ್ದು. ಎರಡು ಕಪ್ ಸೆಲ್ಫ್ ರೈಸಿಂಗ್ ಹಿಟ್ಟಿಗೆ (ಬೇಕಿಂಗ್ ಪೌಡರ್ ಬೆರೆಸಿಯೇ ಬರುವ ಮೈದಾ) ಒಂದೂಕಾಲು ಕಪ್ ಹೆವಿ ಕ್ರೀಮ್, ಜೊತೆಗೆ ಸ್ಟ್ರಾಬೆರಿ ಜಾಮ್. ಇದೊಂದನ್ನು ಮಾತ್ರ ಅವತ್ತೇ ಬೆಳಗ್ಗೆ ಮಾಡಿ. ಇನ್ನೊಂದು ಸಿಹಿ ನಮ್ಮದಿರಲಿ, ಕೊಬ್ಬರಿ ಮಿಠಾಯಿ. ಅಂಗೈಯಗಲ ಅಲ್ಲ, ಹೆಬ್ಬೆರಳ ಉಗುರಿನಷ್ಟು ವಜ್ರದ ತುಂಡು. ಕಡಲೆಬೀಜ, ಗೋಡಂಬಿ ಹಾಕಿದ್ದು ಏನಾದರೂ ಇದ್ದರೆ ಅಲರ್ಜಿ ಉಂಟಾ ಅಂತ ಕರೆಯುವಾಗಲೇ ಕೇಳಿ.

ನಮ್ಮ ಚಾರ್ಲ್ಸ್‌ಟನ್ ಕಡೆ ಆದರೆ ತಟ್ಟೆಯಲ್ಲಿ ಎಳ್ಳಿನ ತೆಳು ವೇಫರ್ ಇದ್ದೇ ಇರುತ್ತದೆ. ಈ ಎಳ್ಳು ಇಲ್ಲಿಗೆ ಬಂದದ್ದು ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ತಂದ ಜನರ ಜೊತೆ. ಇದನ್ನು ಸುಮ್ಮನೆ ಹೇಳುತ್ತಿಲ್ಲ. ಈ ಚೆಂದದ ಟೀ ಟೇಬಲ್‌ಗಳ ಹಿಂದೆ ಬಹಳ ಕಾಲ ಅಡುಗೆ ಮಾಡಿ, ಬೆಳ್ಳಿ ಉಜ್ಜಿ, ಟ್ರೇ ಹಿಡಿದು ನಿಂತವರು ಕಪ್ಪು ಹೆಂಗಸರು, ಮೊದಲು ಗುಲಾಮರಾಗಿ, ಆಮೇಲೆ ಚಿಲ್ಲರೆ ಸಂಬಳಕ್ಕೆ. ಹಾಗಾಗಿ ‘ಹಳೇ ಪ್ಲಾಂಟೇಷನ್ ಥೀಮ್’ ಅಂತ, ಅಂದರೆ ಗುಲಾಮರು ದುಡಿದ ಎಸ್ಟೇಟ್‌ಗಳ ಥರ, ಅಲಂಕಾರ ಮಾಡಲು ಯಾರಾದರೂ ಹೇಳಿದರೆ ಬೇಡ ಅನ್ನಿ. ಬೀದಿಯಲ್ಲಿ, ಆಫೀಸಿನಲ್ಲಿ ಪರಿಚಯದ ಕಪ್ಪು ಗೆಳತಿಯರಿದ್ದರೆ ಅವರನ್ನೂ ಕರೆಯಿರಿ. ಕರೆದ ಮನೆ ನಿಮ್ಮದು, ಪಟ್ಟಿಯೂ ನಿಮ್ಮದೇ ಅಲ್ವಾ?

ಸೌತ್, ಅಂದರೆ ಅಮೆರಿಕದ ಈ ದಕ್ಷಿಣ ರಾಜ್ಯಗಳ ಹೆಂಗಸರ ಟೀಗೆ ಬೇರೆ ಥರದ ಕಥೆಯೂ ಇದೆ. 1774ರ ಅಕ್ಟೋಬರ್ 25ರಂದು ನಾರ್ತ್ ಕ್ಯಾರೊಲೈನಾದ ಈಡನ್‌ಟನ್‌ನಲ್ಲಿ 51 ಹೆಂಗಸರು ಬ್ರಿಟಿಷ್ ಸಾಮಾನು ಬೇಡ ಅಂತ ಕಾಗದಕ್ಕೆ ಸಹಿ ಹಾಕಿದರು, ಚಹಾ ಸಹಿತ. ಪೆನೆಲೊಪಿ ಬಾರ್ಕರ್ ಅದರ ಮುಂದಾಳು. ಲಂಡನ್ನಿನಲ್ಲಿ ಅವರನ್ನು ಗೇಲಿ ಮಾಡಿ ಚಿತ್ರ ಬಿಡಿಸಿದರು. ವಿದೇಶಿ ವಸ್ತು ಬಹಿಷ್ಕಾರ ನಮಗೆ ಹೊಸದಲ್ಲವಲ್ಲ, ಅಂತ ನೀವು ಮಾತು ಸೇರಿಸಬಹುದು.

ಬೆಳ್ಳಿ ಸೆಟ್ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಹಳೇ ಸಾಮಾನು ಮಾರುವ ಗುಡ್‌ವಿಲ್ ಅಂಗಡಿಯಲ್ಲಿ ಹೂವಿನ ಚಿತ್ರದ ಹಳೇ ಪಿಂಗಾಣಿ ಕಪ್ಪು-ಸಾಸರ್ ಬಿಡಿಬಿಡಿಯಾಗಿ ಸಿಗುತ್ತವೆ. ಒಂದಕ್ಕೊಂದು ಜೋಡಿ ಇಲ್ಲದಿದ್ದರೇ ಚೆಂದ. ಬಟ್ಟೆ ನ್ಯಾಪ್ಕಿನ್ ಇರಲಿ. ನೀವು ಸೀರೆ ಉಡಿ. ಬಾಗಿಲಲ್ಲಿ ಚಪ್ಪಲಿ ಬಿಡಿ ಅನ್ನುವುದು ಇಲ್ಲಿ ರೂಢಿಯಿಲ್ಲ. ಮನೆಯೊಳಗೆ ಚಪ್ಪಲಿ ನಿಮಗೆ ಆಗದು ಅಂದರೆ ಕರೆಯುವಾಗಲೇ ತಿಳಿಸಿ. ಟೀ ಬಗ್ಗಿಸುವ ಕೆಲಸವನ್ನು ಪಕ್ಕದ ಮನೆಯ ಹಿರಿಯಾಕೆಗೆ ಒಪ್ಪಿಸಿ, ಅದು ಇಲ್ಲಿ ಗೌರವದ ಕೆಲಸ. ತಿನ್ನುವ ಮುಂಚೆ ಯಾರಾದರೂ ಪ್ರಾರ್ಥನೆ ಮಾಡಿದರೆ ಜೊತೆಗೆ ಸುಮ್ಮನೆ ನಿಲ್ಲಿ. ಯಾವ ಚರ್ಚಿಗೆ ಹೋಗುತ್ತೀರಿ ಅಂತ ಕೇಳಿಯೇ ಕೇಳುತ್ತಾರೆ, ನಾವು ‘ನಿಮ್ಮದು ಯಾವೂರು’ ಅಂದಷ್ಟೇ ಸಲೀಸಾಗಿ. ದೇವಸ್ಥಾನಕ್ಕೆ ಹೋಗುತ್ತೇನೆ ಅಂದರೆ ಮುಗಿಯಿತು.

ಅಂದಹಾಗೆ, ಅವರ ಮನೆಗೆ ಹೋಗಿ ಬಂದ ಮೇಲೆ ಕೈಬರಹದಲ್ಲಿ ಥ್ಯಾಂಕ್ಯೂ ಕಾರ್ಡ್ ಕಳಿಸಿದಿರಾ? ಪಠ್ಯ ಸಂದೇಶ ಲೆಕ್ಕಕ್ಕಿಲ್ಲ. ಕಳಿಸಿಲ್ಲದಿದ್ದರೆ ತಡವಾದರೂ ಪರವಾಗಿಲ್ಲ, ಇವತ್ತೇ ನಾಲ್ಕು ಸಾಲು ಬರೆದು ಸ್ಟ್ಯಾಂಪ್ ಹಚ್ಚಿ ಹಾಕಿ. ಆಹ್ವಾನ ಅದಾದ ಮೇಲೆ ಹೋಗಲಿ.