ಮಧುಗಿರಿ ಬೆಟ್ಟದ ದೃಶ್ಯ ಕೈಯಲ್ಲಿ ಎಂಬ್ರಾಯ್ಡರಿ ಮಾಡುವಾಗ ಬೆಟ್ಟ ಚಪ್ಪಟೆಯಾಗಿ ಕಾಣುತ್ತೆ, ಬಟ್ಟೆ ಸುಕ್ಕಾಗುತ್ತೆ. ಏನು ಮಾಡಲಿ?

8 ಇಂಚಿನ ರಿಂಗ್‌ನಲ್ಲಿ ಮಧುಗಿರಿಯ ಏಕಶಿಲಾ ಬೆಟ್ಟ, ಅದರ ಕೆಳಗೆ ಕೆರೆ, ತೆಂಗಿನ ತೋಟ, ಮುಂದೆ ರಾಗಿ ಹೊಲ. ಎಲ್ಲಾ ಕಡೆ ಮೂರೆಳೆ ದಾರ, ಆಕಾಶಕ್ಕೂ ಬೆಟ್ಟಕ್ಕೂ ಸ್ಯಾಟಿನ್ ಸ್ಟಿಚ್ (ಒಂದರ ಪಕ್ಕ ಒಂದು ಒತ್ತಾಗಿ ಹಾಕಿ ಜಾಗ ತುಂಬುವ ಹೊಲಿಗೆ) ಹಾಕಿದ್ದೀನಿ, ಬೆಟ್ಟ ಬೂದುಗುಂಬಳಕಾಯಿ ಥರ ಕಾಣ್ತಿದೆ, ಆಕಾಶದ ಹತ್ತಿರ ಬಟ್ಟೆ ಮುದುರಿದೆ ಅಂತ ಬರೆದಿದ್ದೀರಿ. ಇನ್ನಷ್ಟು ಬಣ್ಣ ತಂದರೆ ಸರಿಹೋಗುತ್ತಾ ಅಂತಲೂ ಕೇಳಿದ್ದೀರಿ. ಹೋಗಲ್ಲ. ದೂರ–ಹತ್ತಿರ ತೋರಿಸೋದು ದಾರದ ದಪ್ಪ ಮತ್ತು ಹೊಲಿಗೆಯ ದಿಕ್ಕು. ಬಣ್ಣದ ಪಾತ್ರ ಆಮೇಲೆ.

ಮೊದಲು ಆಕಾಶ. ಅದನ್ನು ಹೊಲಿಯಲೇಬೇಡಿ. ಒಂದೂವರೆ ಇಂಚು ಉದ್ದದ ಸ್ಯಾಟಿನ್ ಹೊಲಿಗೆ ಹಾಕಿದರೆ ಪ್ರತಿ ಹೊಲಿಗೆಯೂ ಎರಡು ತುದಿಯಲ್ಲಿ ಬಟ್ಟೆಯನ್ನು ಒಳಕ್ಕೆ ಎಳೆಯುತ್ತೆ. ರಿಂಗ್‌ನಲ್ಲಿ ಇರುವಷ್ಟು ಹೊತ್ತು ಗೊತ್ತಾಗಲ್ಲ, ಬಿಚ್ಚಿದ ಕೂಡಲೇ ಮುದುರುತ್ತೆ. ಸ್ಯಾಟಿನ್ ಸ್ಟಿಚ್ ಅರ್ಧ ಇಂಚು ದಾಟಬಾರದು. ಆಕಾಶಕ್ಕೆ ಬಣ್ಣ ಬೇಕೇ ಬೇಕು ಅನ್ನಿಸಿದರೆ ತಿಳಿ ನೀಲಿ ಅಥವಾ ಹಾಲುಬಿಳುಪಿನ ಕಾಟನ್ ಬಟ್ಟೆಯನ್ನೇ ತಗೊಳ್ಳಿ. ಇಲ್ಲವೇ ಫ್ಯಾಬ್ರಿಕ್ ಪೇಂಟ್‌ಗೆ ನೀರು ಬೆರೆಸಿ ತೆಳುವಾಗಿ ಬಳಿದು, ಒಣಗಿದ ಮೇಲೆ ಹಿಂಬದಿಯಿಂದ ಇಸ್ತ್ರಿ ಮಾಡಿ, ಆಮೇಲೆ ಹೊಲಿಯಲು ಶುರು ಮಾಡಿ.

ಸಾಮಾನಿನ ವಿಷಯ ಚುಟುಕಾಗಿ ಹೇಳ್ತೀನಿ. ಬಟ್ಟೆ 12 ಇಂಚು ಚೌಕ, ಕೇಸ್‌ಮೆಂಟ್ (ದಪ್ಪನೆಯ ಕಾಟನ್ ಬಟ್ಟೆ) ಅಥವಾ ಒತ್ತಾಗಿ ನೇಯ್ದ ಖಾದಿ. ಒಮ್ಮೆ ಒಗೆದು ಇಸ್ತ್ರಿ ಮಾಡಿಟ್ಟುಕೊಳ್ಳಿ, ಇಲ್ಲದಿದ್ದರೆ ಕೊನೆಯಲ್ಲಿ ಒಗೆದಾಗ ಬಟ್ಟೆ ಕುಗ್ಗಿ ದಾರ ಉಬ್ಬುತ್ತೆ. ಚಿತ್ರ ಆರೂವರೆ ಇಂಚು ಮೀರದಿರಲಿ. ಮರದ ರಿಂಗ್‌ನ ಒಳಬಳೆಗೆ ಕಾಟನ್ ಟೇಪ್ ಸುತ್ತಿ, ಬಟ್ಟೆ ಜಾರಲ್ಲ. ಬೆರಳಲ್ಲಿ ತಟ್ಟಿದರೆ ಟಪ್ ಅನ್ನುವಷ್ಟು ಬಿಗಿ ಇರಬೇಕು. ರಾತ್ರಿ ಎತ್ತಿಡುವಾಗ ರಿಂಗ್ ಬಿಚ್ಚಿಬಿಡಿ, ಗುರುತು ಕೂರಲ್ಲ. ದಾರ ಆರೆಳೆಯ ಕಾಟನ್, ಒಂದು ಲಡಿಯಲ್ಲಿ 8 ಮೀಟರ್ ಇರುತ್ತೆ. ತುಮಕೂರಿನ ಟೈಲರಿಂಗ್ ಸಾಮಾನಿನ ಅಂಗಡಿಗಳಲ್ಲಿ ಆಂಕರ್ ಕಂಪನಿಯ ದಾರ ಸಿಗುತ್ತೆ. ಕೆಳಗೆ ಕೊಟ್ಟಿರೋದು ಡಿಎಂಸಿ ಅನ್ನೋ ಇನ್ನೊಂದು ಕಂಪನಿಯ ದಾರದ ಬಣ್ಣದ ನಂಬರ್, ಆಂಕರ್‌ನಲ್ಲಿ ನಂಬರ್ ಬೇರೆ, ಹೊಂದಾಣಿಕೆ ಪಟ್ಟಿ ನೋಡಿಕೊಳ್ಳಿ. ಬ್ಲೌಸ್ ಆರಿ ವರ್ಕ್‌ಗೆ ಬಳಸುವ ಮಿನುಗುವ ಸಿಲ್ಕ್ ಥ್ರೆಡ್ ಬಂಡೆಗೆ ಬೇಡ, ಕಲ್ಲು ಒದ್ದೆಯಾದಂತೆ ಕಾಣುತ್ತೆ. ಕೆರೆಗೆ ಒಂದೆರಡು ಗೆರೆ ಹಾಕಬಹುದು. ಒಂದೆಳೆಗೆ 10ನೇ ನಂಬರ್ ಸೂಜಿ, ಎರಡೆಳೆಗೆ 9, ಮೂರ್ನಾಲ್ಕಕ್ಕೆ 7. ದಾರ ಮೊಣಕೈಯಿಂದ ಬೆರಳ ತುದಿಯಷ್ಟು ಸಾಕು, ಹೆಚ್ಚಾದರೆ ಉಜ್ಜಿ ಉಜ್ಜಿ ಪಿಸಿಯುತ್ತೆ. ಎಳೆಗಳನ್ನು ಒಂದೊಂದಾಗಿ ಬಿಡಿಸಿ ಮತ್ತೆ ಜೋಡಿಸಿ, ಆಗ ಹೊಲಿಗೆ ನುಣುಪಾಗಿ ಹರಡಿ ಕೂರುತ್ತೆ.

ಚಿತ್ರ ಇಳಿಸಲು ಹಳದಿ ಕಾರ್ಬನ್ ಅಥವಾ ಕಿಟಕಿ ಗಾಜಿಗೆ ಹಿಡಿದು ಚೂಪಾದ ಪೆನ್ಸಿಲ್. ನೀರಲ್ಲಿ ಅಳಿಯುವ ಪೆನ್ ಬಳಸಿದರೆ ನೀರಿಗೆ ಹಾಕುವ ಮುಂಚೆ ಇಸ್ತ್ರಿ ಮುಟ್ಟಿಸಬೇಡಿ, ಗೆರೆ ಅಲ್ಲೇ ಕೂತುಬಿಡುತ್ತೆ.

ಹೊಲಿಯುವ ಕ್ರಮ ಯಾವಾಗಲೂ ಹಿಂದಿನಿಂದ ಮುಂದಕ್ಕೆ. ದೂರದ ಗುಡ್ಡಸಾಲು, ಬೆಟ್ಟ, ಬುಡದ ಕುರುಚಲು, ಕೆರೆ, ತೋಟ, ಕೊನೆಗೆ ಹೊಲ. ಮುಂದಿನದರ ಅಂಚು ಹಿಂದಿನದರ ಮೇಲೆ ಒಂದೆರಡು ಮಿ.ಮೀ. ಏರಿ ಕೂರಬೇಕು. ದೂರದ ಸಾಲಿಗೆ 3752 ಮತ್ತು 932, ಒಂದೇ ಎಳೆ, ಅಡ್ಡಡ್ಡ ಬಿಡಿ ಹೊಲಿಗೆ, ನಡುವೆ ಬಟ್ಟೆ ಕಂಡರೆ ಕಾಣಲಿ. ಮಂಜು ಅನ್ನಿಸೋದು ಆ ಖಾಲಿ ಜಾಗದಿಂದಲೇ.

ಈಗ ಬೆಟ್ಟ. ಇಲ್ಲಿ ಆತುರ ಬೇಡ. ಸುತ್ತ ಕಡುಬಣ್ಣದ ಗೆರೆ ಹಾಕಿ ಒಳಗೆ ತುಂಬಿಸೋದೇ ಬೂದುಗುಂಬಳಕ್ಕೆ ಕಾರಣ. ಅಂಚಿಗೆ 648ರಲ್ಲಿ ಒಂದೆಳೆ ಸ್ಪ್ಲಿಟ್ ಸ್ಟಿಚ್ (ಹಿಂದಿನ ಹೊಲಿಗೆಯ ದಾರ ಸೀಳಿ ಸಾಗುವ ಗೆರೆ ಹೊಲಿಗೆ) ಹಾಕಿ, ಅದು ಕಾಣಬಾರದು, ಅದರ ಮೇಲೇ ತುಂಬುವ ಹೊಲಿಗೆ ಇಳಿಯಬೇಕು. ತುಂಬಲು ಲಾಂಗ್ ಅಂಡ್ ಶಾರ್ಟ್: ಮೊದಲ ಸಾಲಿನಲ್ಲಿ 8 ಮಿ.ಮೀ., 5 ಮಿ.ಮೀ. ಬದಲಿಸಿ ಬದಲಿಸಿ, ಮುಂದಿನ ಸಾಲು ಹಿಂದಿನದರ ದಾರವನ್ನೇ ಸೀಳಿ ಮೂರನೇ ಒಂದು ಭಾಗ ಒಳಗಿಂದ ಏಳಬೇಕು. ತುದಿಯಲ್ಲೇ ಎದ್ದರೆ ಸಾಲು ಸಾಲಾಗಿ ಮೆಟ್ಟಿಲು ಕಾಣುತ್ತೆ. ದಿಕ್ಕು ಮುಖ್ಯ. ನಡುವೆ ಹೊಲಿಗೆ ನೇರ ಕೆಳಕ್ಕೆ, ಪಕ್ಕಕ್ಕೆ ಬಂದಂತೆ ಇಳಿಜಾರಿನ ಕಡೆ ಓರೆ, ಮಳೆನೀರು ಆ ಬಂಡೆ ಮೇಲೆ ಹೇಗೆ ಹರಿಯುತ್ತೋ ಹಾಗೆ. ಪೆನ್ಸಿಲ್‌ನಲ್ಲಿ ಏಳೆಂಟು ದಿಕ್ಕಿನ ಗೆರೆ ಮೊದಲೇ ಎಳೆದುಕೊಳ್ಳಿ. ಬಿಸಿಲು ಬೀಳುವ ಮಗ್ಗುಲಿಗೆ 3072, 648, ನಡುವೆ 647, ನೆರಳಿಗೆ 646, 645. ಇವು ಸ್ವಲ್ಪ ಕಂದು ಸೇರಿದ ಬೂದು, ನಮ್ಮ ಕಡೆಯ ಕಲ್ಲಿಗೆ ಹೊಂದುತ್ತೆ. ನೀಲಿಛಾಯೆಯ ಬೂದು ಹಾಕಿದರೆ ಸಿಮೆಂಟ್ ಗೋಡೆ ಆಗುತ್ತೆ. ಎಲ್ಲಕ್ಕೂ ಒಂದೆಳೆ, ಹೆಚ್ಚೆಂದರೆ ಎರಡು.

ಬೆಟ್ಟದ ಫೋಟೋ ಒಂದನ್ನು ಹಿಗ್ಗಿಸಿ ನೋಡಿ: ನೀರು ಇಳಿದ ಜಾಗದಲ್ಲೆಲ್ಲ ಬಂಡೆ ಮೇಲಿಂದ ಕೆಳಕ್ಕೆ ಕಪ್ಪು ಪಟ್ಟೆ ಇರುತ್ತೆ. ಬೆಟ್ಟಕ್ಕೆ ಜೀವ ಬರೋದು ಇದರಿಂದ. 844ರ ಒಂದೆಳೆಯಲ್ಲಿ, ತುಂಬಿದ ಹೊಲಿಗೆ ಮೇಲೆಯೇ, ಬೇರೆ ಬೇರೆ ಉದ್ದದ ನೇರ ಹೊಲಿಗೆ. ಮೇಲೆ ಸಣ್ಣಗೆ ಶುರುವಾಗಿ ಕೆಳಗೆ ಎರಡು ಮೂರಾಗಿ ಒಡೆಯಲಿ. ಸಮ ಅಂತರ ಕೊಟ್ಟರೆ ಹುಲಿಪಟ್ಟೆ ಆಗುತ್ತೆ, ಎರಡು ಹತ್ತಿರ, ಮೂರನೆಯದು ದೂರ ಇಡಿ. ಬೆಟ್ಟದ ಮೇಲಿನ ಕೋಟೆ ಗೋಡೆಗೆ 645ರ ಒಂದೆಳೆ ಬ್ಯಾಕ್ ಸ್ಟಿಚ್ (ಒಂದಕ್ಕೊಂದು ತಾಗಿ ಗೆರೆಯಾಗುವ ಹೊಲಿಗೆ), ಅಲ್ಲಲ್ಲಿ ಕಡಿದು. ಕಲ್ಲು ಕಲ್ಲಾಗಿ ತೋರಿಸಲು ಹೋಗಬೇಡಿ, ಈ ಅಳತೆಯಲ್ಲಿ ಅದು ಕಾಣೋದೂ ಇಲ್ಲ. ಬುಡದ ಕುರುಚಲಿಗೆ 3362, 3363, 3364ರಲ್ಲಿ ಎರಡೆಳೆ ಫ್ರೆಂಚ್ ನಾಟ್ (ದಾರವನ್ನು ಸೂಜಿಗೆ ಸುತ್ತಿ ಹಾಕುವ ಗಂಟು), ಒಂದೇ ಸುತ್ತು. ಸೂಜಿ ಎದ್ದ ರಂಧ್ರದಲ್ಲೇ ಇಳಿಸಿದರೆ ಗಂಟು ಹಿಂದಕ್ಕೆ ಜಾರುತ್ತೆ, ಒಂದು ನೂಲು ಪಕ್ಕಕ್ಕೆ ಇಳಿಸಿ.

ಕೆರೆಗೆ ಒಂದೆಳೆ, ಕಟ್ಟುನಿಟ್ಟಾಗಿ ಅಡ್ಡ ಗೆರೆ. ಸ್ವಲ್ಪ ಓರೆಯಾದರೂ ನೀರು ಚೆಲ್ಲಿಹೋಗುವಂತೆ ಕಾಣುತ್ತೆ, ಅದಕ್ಕೇ ಬಟ್ಟೆಯ ಅಡ್ಡ ನೂಲನ್ನೇ ಹಿಡಿದು ಹೋಗಿ. ಆಚೆ ದಡದ ಹತ್ತಿರ ಗೆರೆ ಒತ್ತಾಗಿ, ಈಚೆಗೆ ಬಂದಂತೆ ವಿರಳ. ಅರ್ಧ ಬಟ್ಟೆ ಖಾಲಿ ಬಿಡಿ. ಬೆಟ್ಟದ ಬಿಂಬಕ್ಕೆ ಅದೇ ಬೂದಿನ ಒಂದು ಛಾಯೆ ಗಾಢ, ಮುರಿದ ಗೆರೆಗಳಲ್ಲಿ.

ತೆಂಗಿನ ಮರದಲ್ಲಿ ಎಲ್ಲರೂ ಮಾಡುವ ಎಡವಟ್ಟು ಒಂದೇ: ತುದಿಯಿಂದ ಸುತ್ತಲೂ ಸಮವಾಗಿ ಗೆರೆ ಎಳೆದು ನಕ್ಷತ್ರ ಮಾಡೋದು. ಮೇಲಿನ ಮೂರು ಗರಿ ಎದ್ದಿರಬೇಕು, ಪಕ್ಕದವು ಬಾಗಿರಬೇಕು, ಕೆಳಗಿನ ಎರಡು ಕಾಂಡಕ್ಕೆ ಒರಗಿ ಇಳಿಬಿದ್ದಿರಬೇಕು, ಅದರಲ್ಲೊಂದು ಒಣಗಿದ ಕಂದು. ಪ್ರತಿ ಗರಿಗೂ ಮೊದಲು ಬಾಗಿದ ದಿಂಡು, ಬ್ಯಾಕ್ ಸ್ಟಿಚ್ ಒಂದೆಳೆ. ಆಮೇಲೆ ಎರಡೂ ಬದಿಗೆ ತುದಿ ಕಡೆ ಓರೆಯಾದ ಸಣ್ಣ ಹೊಲಿಗೆ, 3345, 3346, ಬಿಸಿಲ ಬದಿಗೆ 3347. ಕಾಂಡ ಎರಡೆಳೆ ಸ್ಟೆಮ್ ಸ್ಟಿಚ್ (ಹುರಿ ಹೊಸೆದಂತೆ ಕಾಣುವ ಗೆರೆ ಹೊಲಿಗೆ), ತುಸು ಬಾಗಿಸಿ. ಕಡ್ಡಿಯಂತೆ ನೆಟ್ಟಗೆ ಮಾಡಿ ತಲೆ ಚಿಕ್ಕದು ಮಾಡಿದರೆ ಅದು ಅಡಿಕೆ ಮರ.

ಹೊಲ ಅಕ್ಟೋಬರ್–ನವೆಂಬರ್‌ನದ್ದು ಅಂತ ಇಟ್ಟುಕೊಂಡರೆ ರಾಗಿ ತೆನೆ ಕಟ್ಟಿರುತ್ತೆ. ಮಣ್ಣಿಗೆ 920, 921ರ ಎರಡೆಳೆ ಅಡ್ಡ ಹೊಲಿಗೆ, ಪೈರಿಗೆ ಮೂರೆಳೆ ನೇರ ಹೊಲಿಗೆ, ತೀರಾ ಮುಂದಿನ ಸಾಲಿಗೆ ನಾಲ್ಕು. ತೆನೆ ಬಿಡಿಸಿ ತೋರಿಸಬೇಕಿರೋದು ಆ ಮುಂದಿನ ಸಾಲಿನ ಐದಾರಕ್ಕೆ ಮಾತ್ರ: ಒಂದೇ ಬಿಂದುವಿನಿಂದ ನಾಲ್ಕು ಸಣ್ಣ ಹೊಲಿಗೆ, ತುದಿ ಒಳಕ್ಕೆ ಬಾಗಿದಂತೆ.

ಹಿಂಬದಿಯಲ್ಲಿ ದಾರವನ್ನು ಅರ್ಧ ಇಂಚಿಗಿಂತ ಹೆಚ್ಚು ದಾಟಿಸಬೇಡಿ. ಖಾಲಿ ಬಿಟ್ಟ ಆಕಾಶ, ನೀರಿನ ಹಿಂದೆ ಕಡುಬಣ್ಣದ ದಾರ ಹೋದರೆ ಮುಂದಿನಿಂದ ನೆರಳು ಕಾಣುತ್ತೆ. 920, 844ರಂಥ ಬಣ್ಣಗಳನ್ನು, ಅದರಲ್ಲೂ ಅಗ್ಗದ ದಾರವಾದರೆ, ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ ಬಣ್ಣ ಬಿಡುತ್ತಾ ನೋಡಿಯೇ ಬಳಸಿ. ಮುಗಿದ ಮೇಲೆ ತಣ್ಣೀರಲ್ಲಿ ಅದ್ದಿ, ಹಿಂಡದೆ ಟವೆಲ್‌ನಲ್ಲಿ ಸುತ್ತಿ ನೀರು ತೆಗೆದು, ದಪ್ಪ ಟವೆಲ್ ಮೇಲೆ ಮುಖ ಕೆಳಗೆ ಮಾಡಿ ಹಿಂಬದಿಯಿಂದ ಇಸ್ತ್ರಿ ಮಾಡಿ. ನೇರ ಒತ್ತಿದರೆ ಗಂಟುಗಳೆಲ್ಲ ಚಪ್ಪಟೆ.

ಈಗಿನ ತುಂಡಿನಲ್ಲಿ ಆಕಾಶದ ಹೊಲಿಗೆ ಮಾತ್ರ ಹಿಂಬದಿಯಿಂದ ಕತ್ತರಿಸಿ, ಚಿಮುಟದಲ್ಲಿ ತೆಗೆದು, ಬಟ್ಟೆ ನೆನೆಸಿ ಇಸ್ತ್ರಿ ಮಾಡಿ ನೋಡಿ. ಸೂಜಿಯ ರಂಧ್ರಗಳು ಬಹುಪಾಲು ಮುಚ್ಚುತ್ತವೆ. ಬೆಟ್ಟವನ್ನು ಮಾತ್ರ ಬಿಚ್ಚದೆ ಹೊಸ ಬಟ್ಟೆಯಲ್ಲೇ ಶುರು ಮಾಡೋದು ವಾಸಿ, ಮೂರೆಳೆಯ ಸ್ಯಾಟಿನ್ ಬಿಚ್ಚುವಷ್ಟರಲ್ಲಿ ಬಟ್ಟೆ ಜಾಳಾಗಿರುತ್ತೆ.